ವಿದ್ಯುತ್ ಕಾರು ಕೊಳ್ಳುವ ಮುನ್ನ ಒಂದಿಷ್ಟು ಲೆಕ್ಕ

2001ರಲ್ಲಿ ಬೆಂಗಳೂರಿನಲ್ಲಿ ತಯಾರಾದ ‘ರೇವಾ’ ಎಂಬ ಪುಟ್ಟ ವಿದ್ಯುತ್ ಕಾರು ರಸ್ತೆಗಿಳಿಯಿತು. ಅದರಲ್ಲಿದ್ದುದು 6 ವೋಲ್ಟ್‌ನ ಎಂಟು ಸೀಸ-ಆಮ್ಲ ಬ್ಯಾಟರಿಗಳು. ಒಮ್ಮೆ ಪೂರ್ತಿ ಚಾರ್ಜ್ ಮಾಡಿದರೆ ಅದು ಸುಮಾರು 80 ಕಿ.ಮೀ. ಓಡುತ್ತಿತ್ತು. ಇಂದಿನ ಕಾರುಗಳಲ್ಲಿ ಸೀಸದ ಸ್ಥಾನವನ್ನು ಲಿಥಿಯಂ ಆಕ್ರಮಿಸಿದೆ, ಓಟದ ದೂರವೂ ಹಲವು ಪಟ್ಟು ಹೆಚ್ಚಿದೆ. ಆದರೆ ಕೊಳ್ಳುವವರ ಪ್ರಶ್ನೆಗಳು ಮಾತ್ರ ಅವೇ: ಹೆಚ್ಚಿಗೆ ತೆತ್ತ ಹಣ ಮರಳಿ ಬಂದೀತೇ? ಚಾರ್ಜ್ ಮಾಡುವುದೆಲ್ಲಿ? ಬ್ಯಾಟರಿ ಎಷ್ಟು ವರ್ಷ ಬಾಳೀತು? ಇವಕ್ಕೆ ಉತ್ತರ ಕಂಡುಕೊಳ್ಳಲು ಪ್ರೌಢಶಾಲೆಯ ಭೌತವಿಜ್ಞಾನ ಮತ್ತು ಒಂದು ಹಾಳೆ ಕಾಗದ ಸಾಕು.

ಕಿಲೋಮೀಟರಿಗೆ ಎಷ್ಟು?

ವಿದ್ಯುತ್ ಬಿಲ್ಲಿನಲ್ಲಿ ಕಾಣುವ ‘ಯೂನಿಟ್’ ಎಂದರೆ ಒಂದು ಕಿಲೋವಾಟ್-ಗಂಟೆ, ಅಂದರೆ 36 ಲಕ್ಷ ಜೂಲ್ ಶಕ್ತಿ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 9 ಯೂನಿಟ್‌ನಷ್ಟು ಶಕ್ತಿ ಅಡಗಿದೆ. ಲೀಟರಿಗೆ 15 ಕಿ.ಮೀ. ಓಡುವ ಕಾರು ಒಂದು ಯೂನಿಟ್ ಶಕ್ತಿಗೆ 1.7 ಕಿ.ಮೀ. ಮಾತ್ರ ಸಾಗುತ್ತದೆ. ಉಳಿದ ಶಕ್ತಿಯಲ್ಲಿ ಬಹುಪಾಲು ಎಂಜಿನ್ನಿನ ಶಾಖವಾಗಿ ವ್ಯರ್ಥವಾಗುತ್ತದೆ. ವಿದ್ಯುತ್ ಮೋಟಾರಿನ ದಕ್ಷತೆ ಹೆಚ್ಚು. ಆದ್ದರಿಂದ ಅದೇ ಗಾತ್ರದ ವಿದ್ಯುತ್ ಕಾರು, ಚಾರ್ಜ್ ಮಾಡುವಾಗಿನ ನಷ್ಟವನ್ನೂ ಸೇರಿಸಿಕೊಂಡು, ಮೀಟರಿನ ಒಂದು ಯೂನಿಟ್‌ಗೆ ಸುಮಾರು 6 ಕಿ.ಮೀ. ಓಡುತ್ತದೆ ಎಂದು ಎಣಿಸಬಹುದು.

ಪೆಟ್ರೋಲ್ ಲೀಟರಿಗೆ 100 ರೂ., ವಿದ್ಯುತ್ ಯೂನಿಟ್‌ಗೆ 7 ರೂ. ಎಂದಿಟ್ಟುಕೊಳ್ಳಿ. ಪೆಟ್ರೋಲ್ ಕಾರಿಗೆ ಕಿ.ಮೀ.ಗೆ 6.67 ರೂ., ವಿದ್ಯುತ್ ಕಾರಿಗೆ 1.17 ರೂ. ಉಳಿತಾಯ 5.50 ರೂ.

ಹೆಚ್ಚಿನ ಬೆಲೆ ಯಾವಾಗ ಮರಳುತ್ತದೆ?

ವಿದ್ಯುತ್ ಕಾರಿನ ಬೆಲೆ ಸರಿಸಮನಾದ ಪೆಟ್ರೋಲ್ ಕಾರಿಗಿಂತ 4 ಲಕ್ಷ ರೂ. ಹೆಚ್ಚು ಎಂದು ಭಾವಿಸೋಣ. 4 ಲಕ್ಷವನ್ನು 5.50ರಿಂದ ಭಾಗಿಸಿದರೆ ಸುಮಾರು 73,000 ಕಿ.ಮೀ. ಎಂದಾಗುತ್ತದೆ. ತಿಂಗಳಿಗೆ 2,000 ಕಿ.ಮೀ. ಓಡಿಸುವವರಿಗೆ ಹೆಚ್ಚುವರಿ ಹಣ ಮೂರು ವರ್ಷಗಳಲ್ಲಿ ಮರಳುತ್ತದೆ, 1,000 ಕಿ.ಮೀ. ಓಡಿಸುವವರಿಗೆ ಆರು ವರ್ಷ ಬೇಕು, 500 ಕಿ.ಮೀ. ಮಾತ್ರ ಓಡಿಸುವವರು ಹನ್ನೆರಡು ವರ್ಷ ಕಾಯಬೇಕು.

ಸಾಲ ಮಾಡಿ ಕೊಳ್ಳುವವರು ಇನ್ನೊಂದು ಅಂಶವನ್ನು ಮರೆಯಬಾರದು. ಶೇಕಡಾ 9ರ ಬಡ್ಡಿಯಂತೆ 4 ಲಕ್ಷಕ್ಕೆ ಮೊದಲ ವರ್ಷವೇ ಹತ್ತಿರ ಹತ್ತಿರ 36,000 ರೂ. ಬಡ್ಡಿ. ತಿಂಗಳಿಗೆ 1,000 ಕಿ.ಮೀ. ಓಡಿಸಿದರೆ ವರ್ಷದ ಇಂಧನ ಉಳಿತಾಯ 66,000 ರೂ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬಡ್ಡಿಗೇ ಹೋಯಿತು! ಎಂಜಿನ್ ಆಯಿಲ್, ಫಿಲ್ಟರ್ ಮುಂತಾದ ಖರ್ಚು ವಿದ್ಯುತ್ ಕಾರಿಗಿಲ್ಲ, ನಿಜ. ಆದರೆ ಬೆಲೆ ಹೆಚ್ಚಿದಂತೆ ವಿಮೆಯೂ ಹೆಚ್ಚುತ್ತದೆ.

ತೆರಿಗೆಯನ್ನೂ ಗಮನಿಸಿ. ವಿದ್ಯುತ್ ವಾಹನಗಳ ಮೇಲಿನ ಜಿಎಸ್‌ಟಿಯನ್ನು 2019ರ ಆಗಸ್ಟ್‌ನಲ್ಲಿ ಶೇಕಡಾ 12ರಿಂದ 5ಕ್ಕೆ ಇಳಿಸಲಾಯಿತು. ಸಣ್ಣ ಪೆಟ್ರೋಲ್ ಕಾರುಗಳ ಮೇಲಿನ ಜಿಎಸ್‌ಟಿಯೂ 2025ರ ಸೆಪ್ಟೆಂಬರ್‌ನಲ್ಲಿ ಶೇಕಡಾ 28ರಿಂದ 18ಕ್ಕೆ ಇಳಿಯಿತು. ಹಾಗಾಗಿ ಹಳೆಯ ಬೆಲೆಪಟ್ಟಿ ಹಿಡಿದು ಲೆಕ್ಕ ಹಾಕಿದರೆ ಉತ್ತರ ತಪ್ಪುತ್ತದೆ.

ಕರ್ನಾಟಕದ ಮನೆಗಳಿಗೆ ಸಂಬಂಧಿಸಿದ ವಿಶೇಷ ಅಂಶವೊಂದಿದೆ. 2023ರಲ್ಲಿ ಆರಂಭವಾದ ‘ಗೃಹಜ್ಯೋತಿ’ ಯೋಜನೆಯಲ್ಲಿ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲನ್ನು ಗ್ರಾಹಕರೇ ಕಟ್ಟಬೇಕು. 1,000 ಕಿ.ಮೀ. ಓಟಕ್ಕೆ 167 ಯೂನಿಟ್ ಬೇಕು. ಮನೆಬಳಕೆ 80 ಯೂನಿಟ್ ಇದ್ದರೆ ಒಟ್ಟು 247. ಆಗ ಕಾರಿನ ಬಾಬ್ತಷ್ಟೇ ಅಲ್ಲ, ಅಲ್ಲಿಯವರೆಗೆ ಉಚಿತವಾಗಿದ್ದ 80 ಯೂನಿಟ್‌ಗಳ ಬಾಬ್ತೂ ನಿಮ್ಮ ಪಾಲಿಗೆ ಬರುತ್ತದೆ. ವಿದ್ಯುತ್ ವಾಹನಗಳ ಚಾರ್ಜಿಂಗ್‌ಗೆಂದೇ ಪ್ರತ್ಯೇಕ ದರ ವರ್ಗವಿದೆ. ಬೇರೆ ಮೀಟರ್ ಪಡೆಯುವುದು ಲಾಭಕರವೇ ಎಂಬುದನ್ನು ಎಸ್ಕಾಂ ಕಚೇರಿಯಲ್ಲಿ ಮೊದಲೇ ವಿಚಾರಿಸಿ.

ಗೋಡೆಯ ಸಾಕೆಟ್ ತಡೆದೀತೇ?

30 ಯೂನಿಟ್ ಸಾಮರ್ಥ್ಯದ ಬ್ಯಾಟರಿ ಖಾಲಿಯಿದೆ ಎನ್ನೋಣ. ನಷ್ಟವನ್ನು ಸೇರಿಸಿದರೆ ಅದನ್ನು ತುಂಬಲು ಸುಮಾರು 34 ಯೂನಿಟ್ ಬೇಕು. ಮನೆಯ 15 ಆಂಪೇರ್ ಸಾಕೆಟ್ 230 ವೋಲ್ಟ್‌ನಲ್ಲಿ ಕೊಡಬಲ್ಲದ್ದು ಸುಮಾರು 3.4 ಕಿಲೋವಾಟ್, ಅಂದರೆ ಹತ್ತು ಗಂಟೆ. ವೋಲ್ಟೇಜ್ 180ಕ್ಕೆ ಕುಸಿಯುವ ಊರಿನಲ್ಲಿ 2.7 ಕಿಲೋವಾಟ್ ಮಾತ್ರ. ಆಗ ಹನ್ನೆರಡೂವರೆ ಗಂಟೆ. ದಿನವೂ 40 ಕಿ.ಮೀ. ಓಡಾಡುವವರಿಗೆ ಇದು ತೊಡಕಲ್ಲ. ಅಂದಂದು ಖರ್ಚಾದದ್ದನ್ನು ತುಂಬಲು ಎರಡೂವರೆ ಗಂಟೆಯೊಳಗೆ ಸಾಕು.

ನಿಜವಾದ ಎಚ್ಚರಿಕೆ ಬೇಕಾದದ್ದು ತಂತಿಯ ವಿಷಯದಲ್ಲಿ. ಗೀಸರ್ ಕಾಲು ಗಂಟೆ ಉರಿದು ನಿಲ್ಲುತ್ತದೆ. ಕಾರು ರಾತ್ರಿಯಿಡೀ 15 ಆಂಪೇರ್ ಎಳೆಯಬಹುದು. ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿದರೆ ಶಾಖದ ದರ ಸಿಗುತ್ತದೆ ಎಂಬ ಜೂಲ್ ನಿಯಮವನ್ನು ಇಲ್ಲಿ ಅನ್ವಯಿಸಿ ನೋಡಿ. ಸಾಕೆಟ್ಟಿನ ಸಡಿಲ ಜೋಡಣೆಯಲ್ಲಿ 0.1 ಓಮ್ ರೋಧವಿದೆ ಎನ್ನಿ. 5 ಆಂಪೇರ್ ಹರಿದಾಗ ಅಲ್ಲಿ ಹುಟ್ಟುವ ಶಾಖ 2.5 ವಾಟ್. 15 ಆಂಪೇರ್ ಹರಿದಾಗ 22.5 ವಾಟ್. ಪ್ರವಾಹ ಮೂರು ಪಟ್ಟಾದರೆ ಶಾಖ ಒಂಬತ್ತು ಪಟ್ಟು! ಪ್ಲಾಸ್ಟಿಕ್ಕಿನ ಸಾಕೆಟ್ಟಿನೊಳಗೆ 25 ವಾಟ್‌ನ ಸೋಲ್ಡರಿಂಗ್ ಕಡ್ಡಿಯನ್ನು ರಾತ್ರಿಯಿಡೀ ಬಿಟ್ಟಂತಾಗುತ್ತದೆ. ಸಾಕೆಟ್ ಕರಗಲು, ಬೆಂಕಿ ಹೊತ್ತಲು ಇಷ್ಟು ಸಾಕು.

ತಂತಿಯ ದಪ್ಪವೂ ಮುಖ್ಯ. ಮೀಟರಿನಿಂದ 20 ಮೀಟರ್ ದೂರದಲ್ಲಿ ಕಾರು ನಿಲ್ಲುವುದಾದರೆ ಹೋಗಿ ಬರುವ ತಂತಿಯ ಒಟ್ಟು ಉದ್ದ 40 ಮೀಟರ್. 1.5 ಚದರ ಮಿ.ಮೀ. ತಾಮ್ರದ ತಂತಿಗೆ ಸುಮಾರು 0.45 ಓಮ್ ರೋಧ. 15 ಆಂಪೇರ್ ಹರಿದಾಗ ನೂರು ವಾಟ್ ವ್ಯರ್ಥ. 4 ಚದರ ಮಿ.ಮೀ. ತಂತಿಯಾದರೆ ರೋಧ 0.17 ಓಮ್, ನಷ್ಟ 38 ವಾಟ್. ಆದ್ದರಿಂದ ಕಾರಿಗೆಂದೇ ಬೇರೆ ತಂತಿ, ಅದಕ್ಕೆ ತಕ್ಕ ಎಂಸಿಬಿ, ಸೋರಿಕೆ ಪ್ರವಾಹವನ್ನು ತಡೆಯುವ ಆರ್‌ಸಿಸಿಬಿ ಮತ್ತು ಒಳ್ಳೆಯ ಭೂಸಂಪರ್ಕ ಇರಲೇಬೇಕು. ಎಕ್ಸ್‌ಟೆನ್ಷನ್ ಬೋರ್ಡಿನಿಂದ ಚಾರ್ಜ್ ಮಾಡುವುದು ಸಲ್ಲದು. ಮನೆಯ ಮಂಜೂರಾದ ಲೋಡ್ 3 ಕಿಲೋವಾಟ್ ಮಾತ್ರವಿದ್ದರೆ ಅದನ್ನೂ ಹೆಚ್ಚಿಸಿಕೊಳ್ಳಬೇಕು. ಅದರೊಂದಿಗೆ ನಿಗದಿತ ಶುಲ್ಕವೂ ಏರುತ್ತದೆ.

ಬಾಡಿಗೆ ಮನೆಯವರು, ರಸ್ತೆಬದಿಯಲ್ಲಿ ಕಾರು ನಿಲ್ಲಿಸುವವರು ಸಾರ್ವಜನಿಕ ಕೇಂದ್ರಗಳನ್ನೇ ನಂಬಬೇಕು. ಅಲ್ಲಿ ಯೂನಿಟ್‌ಗೆ 20 ರೂ. ಎಂದಾದರೆ ಕಿ.ಮೀ.ಗೆ 3.33 ರೂ. ತಗಲುತ್ತದೆ. ಆಗ 4 ಲಕ್ಷ ಮರಳಲು 1,20,000 ಕಿ.ಮೀ. ಓಡಿಸಬೇಕು. ಮನೆಯಲ್ಲಿ ಚಾರ್ಜ್ ಮಾಡಲು ಜಾಗವಿದೆಯೇ ಎಂಬ ಪ್ರಶ್ನೆ ಕಾರಿನ ಮಾದರಿಗಿಂತ ಮುಖ್ಯವಾಗುವುದು ಈ ಕಾರಣಕ್ಕೆ.

ದೂರ, ಘಟ್ಟ ಮತ್ತು ಬ್ಯಾಟರಿ

ಜಾಹೀರಾತಿನಲ್ಲಿ ಕಾಣುವ ದೂರ ಪ್ರಯೋಗಾಲಯದ್ದು. ರಸ್ತೆಯಲ್ಲಿ ಅದರ ಮೂರನೇ ಎರಡು ಭಾಗವನ್ನು ನಂಬಿ ಪ್ರಯಾಣ ಯೋಜಿಸುವುದು ಕ್ಷೇಮ. ಘಟ್ಟ ಹತ್ತುವವರು ಸ್ಥಿತಿಶಕ್ತಿಯನ್ನೂ ಎಣಿಸಬೇಕು. 1,500 ಕಿ.ಗ್ರಾಂ. ತೂಕದ ಕಾರು 600 ಮೀಟರ್ ಮೇಲೇರಲು ಸುಮಾರು 2.5 ಯೂನಿಟ್ ಹೆಚ್ಚಿಗೆ ಬೇಕು. ಎಂದರೆ ಸಮತಟ್ಟಿನಲ್ಲಿ ಹದಿನೈದು ಕಿ.ಮೀ.ಗೂ ಹೆಚ್ಚು ಓಡುವಷ್ಟು ಶಕ್ತಿ. ಇಳಿಯುವಾಗ ಮೋಟಾರು ಜನರೇಟರ್ ಆಗಿ ವರ್ತಿಸಿ ಇದರಲ್ಲೊಂದು ಪಾಲನ್ನು ಬ್ಯಾಟರಿಗೆ ಹಿಂತಿರುಗಿಸುತ್ತದೆ. ಪೆಟ್ರೋಲ್ ಕಾರಿಗೆ ಈ ಭಾಗ್ಯವಿಲ್ಲ.

ಬ್ಯಾಟರಿಗೆ ಎಂಟು ವರ್ಷ ಅಥವಾ 1,60,000 ಕಿ.ಮೀ. ವಾರಂಟಿ ಸಾಮಾನ್ಯ. ವಾರಂಟಿಯಲ್ಲಿ ಎಷ್ಟು ಶೇಕಡಾ ಸಾಮರ್ಥ್ಯ ಉಳಿಯುವ ಭರವಸೆಯಿದೆ ಎಂಬುದನ್ನು ಓದಿಯೇ ಸಹಿ ಹಾಕಿ. ಅತಿ ಶಾಖ ಮತ್ತು ಪದೇ ಪದೇ ಮಾಡುವ ವೇಗದ ಚಾರ್ಜಿಂಗ್ ಲಿಥಿಯಂ ಕೋಶಗಳ ಆಯುಷ್ಯವನ್ನು ಕುಗ್ಗಿಸುತ್ತವೆ.

ಗಾಳಿ ಎಷ್ಟು ಶುದ್ಧ?

ವಿದ್ಯುತ್ ಕಾರಿಗೆ ಹೊಗೆಕೊಳವೆಯಿಲ್ಲ. ಆದರೆ ಕಲ್ಲಿದ್ದಲಿನ ಸ್ಥಾವರಕ್ಕಿದೆ. ಭಾರತದ ವಿದ್ಯುತ್ ಜಾಲದಲ್ಲಿ ಸರಾಸರಿ ಒಂದು ಯೂನಿಟ್‌ಗೆ ಸುಮಾರು 0.7 ಕಿ.ಗ್ರಾಂ. ಕಾರ್ಬನ್ ಡೈಆಕ್ಸೈಡ್ ಹೊಮ್ಮುತ್ತದೆ. 6 ಕಿ.ಮೀ. ಓಡಿದರೆ ಕಿ.ಮೀ.ಗೆ 120 ಗ್ರಾಂ. ಲೀಟರ್ ಪೆಟ್ರೋಲ್ ಉರಿದರೆ 2.3 ಕಿ.ಗ್ರಾಂ.; ಕಿ.ಮೀ.ಗೆ ಸುಮಾರು 150 ಗ್ರಾಂ. ವ್ಯತ್ಯಾಸ ಐದನೇ ಒಂದು ಭಾಗ ಮಾತ್ರ. ಚಾವಣಿಯ ಸೌರಫಲಕದಿಂದ ಹಗಲಲ್ಲಿ ಚಾರ್ಜ್ ಮಾಡಿದರೆ ಈ ವ್ಯತ್ಯಾಸ ಬಹಳ ಹಿಗ್ಗುತ್ತದೆ.

ಶಿಕ್ಷಕರು ಇದನ್ನು ತರಗತಿಯ ಚಟುವಟಿಕೆಯಾಗಿ ಮಾಡಿಸಬಹುದು. ಪ್ರತಿ ವಿದ್ಯಾರ್ಥಿಯೂ ಮನೆಯ ವಿದ್ಯುತ್ ಬಿಲ್ಲಿನಿಂದ ಮಂಜೂರಾದ ಲೋಡ್, ತಿಂಗಳ ಬಳಕೆ ಮತ್ತು ಯೂನಿಟ್ ದರವನ್ನು ಗುರುತಿಸಿಕೊಂಡು ಬರಲಿ. ಮನೆಯವರು ತಿಂಗಳಿಗೆ ಎಷ್ಟು ಕಿ.ಮೀ. ಓಡಾಡುತ್ತಾರೆಂದು ಕೇಳಿ ಬರೆದುಕೊಳ್ಳಲಿ. ಮೇಲಿನ ಲೆಕ್ಕದಲ್ಲಿ ನಮ್ಮ ಅಂಕಿಗಳ ಬದಲು ತಮ್ಮ ಅಂಕಿಗಳನ್ನು ಹಾಕಲಿ. ಒಂದೇ ತರಗತಿಯಲ್ಲಿ ಒಬ್ಬರಿಗೆ ‘ಕೊಳ್ಳಬಹುದು’ ಎಂದೂ ಇನ್ನೊಬ್ಬರಿಗೆ ‘ಈಗ ಬೇಡ’ ಎಂದೂ ಉತ್ತರ ಬಂದರೆ ಅಚ್ಚರಿಪಡಬೇಕಿಲ್ಲ, ಎರಡೂ ಸರಿಯಾಗಿರಬಹುದು.