ವಾಂತಿಯ ಭಯಕ್ಕೂ ಮದ್ದುಂಟು

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ನಮ್ಮವರಿಗೆ ಉಡುಪಿ, ಮಂಗಳೂರಿನ ನೆಂಟಸ್ತಿಕೆ ಬಿಡದು. ಆಗುಂಬೆ ಘಾಟಿಯ ತಿರುವುಗಳಲ್ಲಿ ವಾಂತಿ ಬರುವುದೂ ಹೊಸತಲ್ಲ. ಆದರೆ ಕೆಲವರಿಗೆ ವಾಂತಿಗಿಂತ ಅದರ ಭಯವೇ ದೊಡ್ಡದು. ಬಸ್ ಹತ್ತುವುದಿಲ್ಲ, ಮದುವೆ ಊಟ ಮುಟ್ಟುವುದಿಲ್ಲ, ಹುಷಾರಿಲ್ಲದ ಮಗುವಿನ ಹತ್ತಿರ ಸುಳಿಯುವುದಿಲ್ಲ. ಕೆಲವು ಹೆಂಗಸರು ಬಸುರಿಗೇ ಹೆದರುತ್ತಾರೆ. ವೈದ್ಯರು ಇದನ್ನು ಎಮೆಟೋಫೋಬಿಯಾ ಎನ್ನುತ್ತಾರೆ.

ಹೆದರಿದರೆ ಹೊಟ್ಟೆ ತೊಳೆಸುತ್ತದೆ. ತೊಳೆಸಿದಾಗ ಹೆದರಿಕೆ ಇನ್ನೂ ಏರುತ್ತದೆ. ತಪ್ಪಿಸಿಕೊಂಡಷ್ಟೂ ಭಯ ಬಲಿಯುತ್ತದೆ. ಚಿಕಿತ್ಸೆ ಇದರ ಉಲ್ಟಾ. ತಜ್ಞರ ಜೊತೆ ಸಣ್ಣ ಸಣ್ಣ ಹೆಜ್ಜೆ: ಮೊದಲು ಆ ಮಾತು ಆಡುವುದು, ಆಮೇಲೆ ಚಿತ್ರ ನೋಡುವುದು, ನಂತರ ಹತ್ತಿರದ ಊರಿಗೆ ಬಸ್ಸಿನಲ್ಲಿ ಹೋಗಿ ಬರುವುದು.

ನೋಂಬಿನಲ್ಲೂ ಈ ಭಯ ಕಾಡುವುದುಂಟು. ಮದ್ರಸದಲ್ಲಿ ನಾವು ಮಕ್ಕಳಿಗೆ ಹೇಳುವುದಿಷ್ಟೇ: ತಾನಾಗಿ ಬಂದ ವಾಂತಿಯಿಂದ ನೋಂಬು ಮುರಿಯದು, ಹೆದರಬೇಡಿ.

ಮನೆಯವರು ‘ನಾಟಕ’ ಅಂತ ಬೈಯುವುದೂ ಬೇಡ, ಬಲವಂತವೂ ಬೇಡ. ಊಟ ಬಿಟ್ಟು ತೂಕ ಇಳಿಯುತ್ತಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಉಚಿತ ಸಲಹೆ ಸಿಗುತ್ತದೆ.