ಬಣ್ಣ ಬೇಡದ ಮುಖ: ನಟ ರಾಂಡೊ ಹ್ಯಾಟನ್ನನ ಬಾಳು ಮತ್ತು ವ್ಯಾಧಿ

ವೇಷಧಾರಿಗೆ ಬಣ್ಣವೇ ಬಂಡವಾಳ. ಯಕ್ಷಗಾನದ ರಾಕ್ಷಸ ಪಾತ್ರಧಾರಿಯು ಚೌಕಿಯಲ್ಲಿ ಗಂಟೆಗಟ್ಟಲೆ ಕುಳಿತು ಮುಖಕ್ಕೆ ಚಿಟ್ಟಿ ಇಟ್ಟುಕೊಳ್ಳುತ್ತಾನೆ. ಬೆಳಗಾದೊಡನೆ ಅದನ್ನು ತೊಳೆದು ಮನುಷ್ಯನಾಗಿ ಮನೆಗೆ ಮರಳುತ್ತಾನೆ. 1931ರ ‘ಫ್ರಾಂಕೆನ್‌ಸ್ಟೈನ್’ ಚಿತ್ರದಲ್ಲಿ ಬೋರಿಸ್ ಕಾರ್ಲಾಫ್‌ನ ಭೀಕರ ರೂಪವನ್ನು ನಿರ್ಮಿಸಿದವನೂ ಜ್ಯಾಕ್ ಪಿಯರ್ಸ್ ಎಂಬ ಪ್ರಸಾಧನ ಕಲಾವಿದನೇ. ಆದರೆ ಹಾಲಿವುಡ್ಡಿನ ಭಯಾನಕ ಚಿತ್ರಗಳ ಇತಿಹಾಸದಲ್ಲಿ ತನ್ನ ವೇಷವನ್ನು ಎಂದೂ ಕಳಚಲಾರದ ನಟನೊಬ್ಬನಿದ್ದ. ಅವನಿಗೆ ಆ ಮುಖವನ್ನು ಕೊಟ್ಟದ್ದು ಕಲಾವಿದನ ಕುಂಚವಲ್ಲ, ಬಟಾಣಿ ಕಾಳಿನಷ್ಟು ಪುಟ್ಟದಾದ ಒಂದು ಗ್ರಂಥಿ. ಆತನೇ ರಾಂಡೊ ಹ್ಯಾಟನ್.

ಪತ್ರಕರ್ತನಿಂದ ನಟನವರೆಗೆ

ಹ್ಯಾಟನ್ ಹುಟ್ಟಿದ್ದು ಅಮೆರಿಕದ ಮೇರಿಲೆಂಡ್ ರಾಜ್ಯದ ಹೇಗರ್ಸ್‌ಟೌನ್‌ನಲ್ಲಿ, 1894ರ ಏಪ್ರಿಲ್ 22ರಂದು. ತಂದೆತಾಯಿಗಳು ಶಿಕ್ಷಕ ವೃತ್ತಿಯವರು. ಕುಟುಂಬವು ಮುಂದೆ ಫ್ಲಾರಿಡಾದ ಟ್ಯಾಂಪಾ ನಗರದಲ್ಲಿ ನೆಲೆಸಿತು. ಪ್ರೌಢಶಾಲೆಯಲ್ಲಿ ಈತ ಫುಟ್‌ಬಾಲ್ ಆಟಗಾರ. ಅಂದಿನ ಭಾವಚಿತ್ರಗಳಲ್ಲಿ ಕಾಣುವುದು ಸಾಮಾನ್ಯ ಮುಖಲಕ್ಷಣದ ಒಬ್ಬ ತರುಣ. ಪ್ರಥಮ ಮಹಾಯುದ್ಧದಲ್ಲಿ ಫ್ರಾನ್ಸಿನಲ್ಲಿ ಸೈನಿಕನಾಗಿ ಸೇವೆ ಸಲ್ಲಿಸಿ ಹಿಂತಿರುಗಿದ ನಂತರ ಟ್ಯಾಂಪಾದಲ್ಲಿ ಪತ್ರಿಕಾ ವರದಿಗಾರನಾದ. ಆ ವರ್ಷಗಳಲ್ಲಿಯೇ ಅವನ ಮುಖ, ಕೈ, ಕಾಲುಗಳು ನಿಧಾನವಾಗಿ ಬದಲಾಗತೊಡಗಿದವು.

‘ಹೆಲ್ ಹಾರ್ಬರ್’ (1930) ಚಿತ್ರದ ಚಿತ್ರೀಕರಣಕ್ಕಾಗಿ ನಿರ್ದೇಶಕ ಹೆನ್ರಿ ಕಿಂಗ್ ಟ್ಯಾಂಪಾಕ್ಕೆ ಬಂದಾಗ ಹ್ಯಾಟನ್ ಅದನ್ನು ವರದಿ ಮಾಡಲು ಹೋದ. ವರದಿಗಾರನ ಮುಖವೇ ನಿರ್ದೇಶಕನ ಕಣ್ಣಿಗೆ ಬಿದ್ದು, ಒಂದು ಸಣ್ಣ ಪಾತ್ರ ದೊರೆಯಿತು. ಮೊದಲ ದಾಂಪತ್ಯ ಮುರಿದುಬಿದ್ದುದೂ ಇದೇ ಕಾಲದಲ್ಲಿ. 1934ರಲ್ಲಿ ಮೇಬಲ್ ಎಂಬಾಕೆಯನ್ನು ವಿವಾಹವಾದ ಈತ, 1936ರಲ್ಲಿ ಅವಳೊಂದಿಗೆ ಹಾಲಿವುಡ್ಡಿಗೆ ತೆರಳಿದ.

ಅಲ್ಲಿ ಅವನಿಗಾಗಿ ಕಾದಿದ್ದುದು ಕೀರ್ತಿಯಲ್ಲ, ಹೆಸರು ಕೂಡ ಮುದ್ರಿತವಾಗದ ಕ್ಷಣಕಾಲದ ಪಾತ್ರಗಳು. ಚಾರ್ಲ್ಸ್ ಲಾಟನ್ ಗೂನನಾಗಿ ನಟಿಸಿದ ‘ದಿ ಹಂಚ್‌ಬ್ಯಾಕ್ ಆಫ್ ನಾತ್ರ ದಾಮ್’ (1939) ಚಿತ್ರದಲ್ಲಿ ವಿಕಾರ ಮುಖಗಳ ಸ್ಪರ್ಧೆಯೊಂದು ಬರುತ್ತದೆ. ಅದರಲ್ಲಿ ಸ್ಪರ್ಧಿಯಾಗಿ ನಿಂತವರಲ್ಲಿ ಹ್ಯಾಟನ್ನನೂ ಒಬ್ಬ. ಲಾಟನ್ನನ ವಿಕಾರ ಬಣ್ಣದ್ದು, ಇವನದು ನಿಜದ್ದು.

1944ರಲ್ಲಿ ಅದೃಷ್ಟ ತುಸು ತಿರುಗಿತು. ಯೂನಿವರ್ಸಲ್ ಸಂಸ್ಥೆಯ ಷರ್ಲಾಕ್ ಹೋಮ್ಸ್ ಚಿತ್ರ ‘ದಿ ಪರ್ಲ್ ಆಫ್ ಡೆತ್’ನಲ್ಲಿ ಆತ ‘ಕ್ರೀಪರ್’ ಎಂಬ, ಬೆನ್ನುಮೂಳೆ ಮುರಿದು ಕೊಲ್ಲುವ ಹಂತಕನಾದ. ಒಂದು ಮಾತೂ ಇಲ್ಲದ ಪಾತ್ರವದು. ಬಹುಕಾಲ ನೆರಳಾಗಿಯೇ ಸುಳಿದಾಡಿ, ಕೊನೆಗಷ್ಟೇ ಮುಖ ತೋರುವ ಆ ಆಕೃತಿ ಪ್ರೇಕ್ಷಕರ ಮನಸ್ಸಿನಲ್ಲಿ ನಿಂತಿತು. ಸಂಸ್ಥೆಯು ಇದರ ಲಾಭ ಪಡೆಯಲು ತಡಮಾಡಲಿಲ್ಲ. ‘ದಿ ಜಂಗಲ್ ಕ್ಯಾಪ್ಟಿವ್’ (1945), ‘ದಿ ಸ್ಪೈಡರ್ ವುಮನ್ ಸ್ಟ್ರೈಕ್ಸ್ ಬ್ಯಾಕ್’, ‘ಹೌಸ್ ಆಫ್ ಹಾರರ್ಸ್’, ‘ದಿ ಬ್ರೂಟ್ ಮ್ಯಾನ್’ (ಮೂರೂ 1946) ಒಂದರ ಹಿಂದೊಂದು ತಯಾರಾದವು. ಪ್ರಸಾಧನದ ಅಗತ್ಯವಿಲ್ಲದ ರಾಕ್ಷಸನೆಂಬುದೇ ಪ್ರಚಾರದ ಬಂಡವಾಳವಾಯಿತು.

ಆದರೆ ಈ ಚಿತ್ರಗಳಲ್ಲಿ ಹೆಚ್ಚಿನವು ತೆರೆ ಕಾಣುವ ಮೊದಲೇ ಹ್ಯಾಟನ್ ಇರಲಿಲ್ಲ. 1946ರ ಫೆಬ್ರವರಿ 2ರಂದು ಹೃದಯಾಘಾತದಿಂದ ತೀರಿಕೊಂಡಾಗ ಅವನ ವಯಸ್ಸು 51. ‘ದಿ ಬ್ರೂಟ್ ಮ್ಯಾನ್’ ಚಿತ್ರವನ್ನು ಯೂನಿವರ್ಸಲ್ ತಾನೇ ಬಿಡುಗಡೆ ಮಾಡದೆ ಪಿ.ಆರ್.ಸಿ. ಎಂಬ ಸಣ್ಣ ಸಂಸ್ಥೆಗೆ ಮಾರಿಬಿಟ್ಟಿತು. ಕಾಲೇಜಿನ ಫುಟ್‌ಬಾಲ್ ವೀರನೊಬ್ಬ ಪ್ರಯೋಗಶಾಲೆಯ ಅಪಘಾತದಲ್ಲಿ ವಿರೂಪಗೊಂಡು ಕೊಲೆಗಾರನಾಗುವುದು ಅದರ ಕಥೆ. ಫುಟ್‌ಬಾಲ್ ಮತ್ತು ವಿರೂಪಗಳೆರಡೂ ನಟನ ಬಾಳಿನಿಂದಲೇ ಬಂದಂತಿದ್ದವು, ಕೊಲೆಗಾರನೆಂಬುದಷ್ಟೇ ಕಲ್ಪನೆ.

ವಿಷಾನಿಲದ ಕಥೆ

ಯುದ್ಧರಂಗದಲ್ಲಿ ಶತ್ರುಗಳ ವಿಷಾನಿಲಕ್ಕೆ ತುತ್ತಾದುದರಿಂದ ಹ್ಯಾಟನ್ನನ ಮುಖ ಹೀಗಾಯಿತೆಂದು ಸಂಸ್ಥೆಯ ಪ್ರಚಾರ ವಿಭಾಗ ಸಾರಿತು. ಕೇಳಲು ವೀರಗಾಥೆಯಂತಿದ್ದರೂ ವೈದ್ಯಶಾಸ್ತ್ರ ಇದನ್ನು ಒಪ್ಪುವುದಿಲ್ಲ. ವಿಷಾನಿಲವು ಚರ್ಮವನ್ನು ಸುಡಬಹುದು, ಕಣ್ಣು ಶ್ವಾಸಕೋಶಗಳನ್ನು ಕೆಡಿಸಬಹುದು. ವರ್ಷಾನುವರ್ಷ ದವಡೆಯ ಎಲುಬನ್ನು ಬೆಳೆಸಲಾರದು. ಅವನನ್ನು ಬಾಧಿಸಿದ್ದು ‘ಅಕ್ರೋಮೆಗಲಿ’ ಎಂಬ ವ್ಯಾಧಿ. ಪ್ಯಾರಿಸಿನ ವೈದ್ಯ ಪಿಯರ್ ಮಾರಿ 1886ರಲ್ಲಿ ಇದಕ್ಕೆ ಈ ಹೆಸರಿಟ್ಟ. ಗ್ರೀಕ್ ಭಾಷೆಯಲ್ಲಿ ಇದರ ಅರ್ಥ ‘ತುದಿಗಳ ಬೃಹತ್ತು’.

ವ್ಯಾಧಿಯ ಸ್ವರೂಪ

ಮಿದುಳಿನ ತಳದಲ್ಲಿ, ಮೂಗಿನ ಹಿಂಭಾಗಕ್ಕೆ ಸರಿಯಾಗಿ, ಎಲುಬಿನ ಕುಳಿಯೊಂದರಲ್ಲಿ ಪಿಟ್ಯೂಟರಿ ಗ್ರಂಥಿ ಕುಳಿತಿದೆ. ಅದು ಸ್ರವಿಸುವ ರಸಗಳಲ್ಲಿ ಬೆಳವಣಿಗೆಯ ಹಾರ್ಮೋನೂ ಒಂದು. ಗ್ರಂಥಿಯಲ್ಲಿ ಗಡ್ಡೆಯೊಂದು ಹುಟ್ಟಿದಾಗ ಈ ಹಾರ್ಮೋನು ಮಿತಿಮೀರಿ ಸ್ರವಿಸಬಹುದು. ಆ ಗಡ್ಡೆ ಸಾಮಾನ್ಯವಾಗಿ ಕ್ಯಾನ್ಸರ್ ಅಲ್ಲ. ಎಳೆಯ ವಯಸ್ಸಿನಲ್ಲಿ ಹೀಗಾದರೆ ದೇಹ ದೈತ್ಯಾಕಾರಕ್ಕೆ ಬೆಳೆಯುತ್ತದೆ. ಪ್ರಾಯ ತುಂಬಿದ ಮೇಲೆ ಎಲುಬುಗಳು ಉದ್ದಕ್ಕೆ ಬೆಳೆಯಲಾರವು. ಆಗ ಅವು ದಪ್ಪವಾಗುತ್ತವೆ. ಹುಬ್ಬಿನ ಎಲುಬು ಉಬ್ಬುತ್ತದೆ, ಕೆಳದವಡೆ ಮುಂದೆ ಚಾಚುತ್ತದೆ, ಹಲ್ಲುಗಳ ನಡುವೆ ಸಂದು ಬೀಳುತ್ತದೆ, ಮೂಗು, ತುಟಿ, ನಾಲಗೆಗಳು ದಪ್ಪವಾಗುತ್ತವೆ, ಧ್ವನಿ ಗಡುಸಾಗುತ್ತದೆ.

ಕೇಡು ಹೊರಗಣ್ಣಿಗೆ ಕಾಣುವುದಷ್ಟೇ ಅಲ್ಲ. ತಲೆನೋವು, ಅತಿಯಾದ ಬೆವರು, ಕೀಲುನೋವು, ಕೈಬೆರಳುಗಳ ಜೋಮು, ಜೋರಾದ ಗೊರಕೆ ಮತ್ತು ನಿದ್ರೆಯಲ್ಲಿ ಉಸಿರು ಕಟ್ಟುವಿಕೆ ಇದರ ಸಂಗಡಿಗರು. ಗಡ್ಡೆ ದೊಡ್ಡದಾದರೆ ದೃಷ್ಟಿನರಗಳನ್ನು ಒತ್ತಿ ಅಕ್ಕಪಕ್ಕದ ನೋಟ ಮಸುಕಾಗುತ್ತದೆ. ಮಧುಮೇಹ, ರಕ್ತದೊತ್ತಡಗಳು ಸೇರಿಕೊಳ್ಳುತ್ತವೆ. ಹೃದಯದ ಸ್ನಾಯು ದಪ್ಪವಾಗಿ ದುರ್ಬಲಗೊಳ್ಳುತ್ತದೆ. ಚಿಕಿತ್ಸೆಯಿಲ್ಲದ ರೋಗಿಗಳ ಆಯುಷ್ಯ ಕುಗ್ಗಲು ಹೃದಯದ ತೊಂದರೆಗಳು ಮುಖ್ಯ ಕಾರಣ.

ಅಮೆರಿಕದ ಶಸ್ತ್ರವೈದ್ಯ ಹಾರ್ವಿ ಕುಶಿಂಗ್ 1909ರಲ್ಲಿಯೇ ಈ ವ್ಯಾಧಿಗೆ ಶಸ್ತ್ರಚಿಕಿತ್ಸೆ ನಡೆಸಿದ್ದ. 1927ರಲ್ಲಿ ‘ಟೈಮ್’ ಪತ್ರಿಕೆ ಅಕ್ರೋಮೆಗಲಿ ಪೀಡಿತ ಮಹಿಳೆಯೊಬ್ಬಳ ಚಿತ್ರವನ್ನು ವಿನೋದಕ್ಕಾಗಿ ಪ್ರಕಟಿಸಿದಾಗ, ಇದು ನಗುವ ವಿಷಯವಲ್ಲ, ರೋಗವೆಂದು ಪತ್ರ ಬರೆದು ಪ್ರತಿಭಟಿಸಿದವನೂ ಅವನೇ. ಆ ಪತ್ರ ಪ್ರಕಟವಾದ ಮೇಲೂ ಹಾಲಿವುಡ್ ಹ್ಯಾಟನ್ನನ ರೋಗವನ್ನು ಮಾರಾಟದ ಸರಕಾಗಿಸಿತೆಂಬುದು ಖೇದಕರ.

ಇಂದಿನ ಚಿಕಿತ್ಸೆ

ಇಂದು ಪರಿಸ್ಥಿತಿ ಬಹಳ ಸುಧಾರಿಸಿದೆ. ‘ಐಜಿಎಫ್-1’ ಎಂಬ ಅಂಶವನ್ನು ಅಳೆಯುವ ರಕ್ತಪರೀಕ್ಷೆಯಿಂದ ಅನುಮಾನ ಬಲಗೊಳ್ಳುತ್ತದೆ, ಎಂ.ಆರ್.ಐ. ಚಿತ್ರದಿಂದ ಗಡ್ಡೆಯ ನೆಲೆ ತಿಳಿಯುತ್ತದೆ. ತಲೆಬುರುಡೆ ತೆರೆಯದೆ ಮೂಗಿನ ಮೂಲಕವೇ ಗಡ್ಡೆಯನ್ನು ತೆಗೆಯುವುದು ಸಾಮಾನ್ಯವಾಗಿ ಮೊದಲ ಚಿಕಿತ್ಸೆ. ಗಡ್ಡೆ ಸಣ್ಣದಿದ್ದಷ್ಟೂ ಯಶಸ್ಸು ಹೆಚ್ಚು. ಉಳಿದುದನ್ನು ಹತೋಟಿಯಲ್ಲಿಡಲು ಆಕ್ಟ್ರಿಯೊಟೈಡ್, ಲ್ಯಾನ್ರಿಯೊಟೈಡ್ ಚುಚ್ಚುಮದ್ದುಗಳು, ಕ್ಯಾಬರ್ಗೊಲಿನ್ ಗುಳಿಗೆ, ಕೆಲವರಿಗೆ ವಿಕಿರಣ ಚಿಕಿತ್ಸೆ ಇವೆ. ಊದಿದ ಮೃದುಭಾಗಗಳು ಇಳಿಯುತ್ತವೆ. ಬೆಳೆದ ಎಲುಬು ಮಾತ್ರ ಹಿಂದಿನಂತಾಗದು. ಆದುದರಿಂದ ಬೇಗನೆ ಗುರುತಿಸುವುದೇ ಮುಖ್ಯ.

ಇದು ವಿರಳ ವ್ಯಾಧಿ. ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಕೆಲವರಿಗಷ್ಟೇ ಹೊಸದಾಗಿ ಪತ್ತೆಯಾಗುತ್ತದೆ. ಆದರೆ ಬದಲಾವಣೆ ಎಷ್ಟು ನಿಧಾನವೆಂದರೆ ದಿನವೂ ನೋಡುವ ಮನೆಯವರಿಗೇ ಅದು ತೋರುವುದಿಲ್ಲ. ರೋಗ ಪತ್ತೆಯಾಗುವಷ್ಟರಲ್ಲಿ ಹಲವು ವರ್ಷಗಳು ಸಂದಿರುತ್ತವೆ. ಮದುವೆಯ ಉಂಗುರ ಬೆರಳಿಗೆ ಬಿಗಿಯಾಗಿ ತೆಗೆಯಲು ಬಾರದಿರುವುದು, ಮೂವತ್ತು ನಲವತ್ತರ ವಯಸ್ಸಿನಲ್ಲಿ ಚಪ್ಪಲಿಯ ಅಳತೆ ಹೆಚ್ಚುತ್ತ ಹೋಗುವುದು, ಬಹುದಿನಗಳ ಮೇಲೆ ಕಂಡ ಬಂಧುಗಳು ಗುರುತು ಹಿಡಿಯದಿರುವುದು, ಇವುಗಳನ್ನು ವಯೋಧರ್ಮವೆಂದು ತಳ್ಳಿಹಾಕಬಾರದು. ಹತ್ತು ವರ್ಷದ ಹಿಂದಿನ ಭಾವಚಿತ್ರವನ್ನು ಇಂದಿನದರ ಪಕ್ಕದಲ್ಲಿಟ್ಟು ನೋಡಿ. ವ್ಯತ್ಯಾಸ ಎದ್ದು ಕಂಡರೆ ಅವೆರಡನ್ನೂ ವೈದ್ಯರ ಬಳಿಗೆ ಕೊಂಡೊಯ್ಯಿರಿ.

ಹ್ಯಾಟನ್ನನನ್ನು ಜಗತ್ತು ಮರೆತಿಲ್ಲ. ಭಯಾನಕ ಚಿತ್ರಗಳ ಕುರಿತಾದ ಉತ್ತಮ ಬರವಣಿಗೆ ಮತ್ತು ಸಂಶೋಧನೆಗೆ 2002ರಿಂದ ಅವನ ಹೆಸರಿನಲ್ಲಿ ಪುರಸ್ಕಾರಗಳಿವೆ. ವಿಜೇತರಿಗೆ ದೊರೆಯುವುದು ‘ಹೌಸ್ ಆಫ್ ಹಾರರ್ಸ್’ ಚಿತ್ರದಲ್ಲಿ ಶಿಲ್ಪಿಯು ಕಡೆಯುವ ಅವನ ಮುಖದ ಪ್ರತಿಮೆ. ಬದುಕಿದ್ದಾಗ ಹೆದರಿಕೆಯ ವಸ್ತುವಾಗಿದ್ದ ಮುಖ ಇಂದು ಗೌರವದ ಕುರುಹಾಗಿದೆ. ರೋಗಿಯ ಮುಖವನ್ನು ಕಂಡು ಬೆದರದೆ, ನಗದೆ, ಅದರ ಹಿಂದಿನ ನೋವನ್ನು ವಿಚಾರಿಸುವುದನ್ನು ನಾವು ಕಲಿತರೆ ಅವನಿಗೆ ಅದೇ ದೊಡ್ಡ ಸ್ಮಾರಕ.