ಲೆನ್ಸಿಲ್ಲದ ಯಂತ್ರಕ್ಕೆ ಶಹಾಬಾದ್ ಕಲ್ಲನ್ನು ಬಣ್ಣಿಸುವ ಬಗೆ

ಕೃತಕ ಬುದ್ಧಿಮತ್ತೆಯ ಯಂತ್ರಕ್ಕೆ ನಾಲ್ಕು ಮಾತು ಬರೆದು ಚಿತ್ರ ಪಡೆಯಹೊರಟವರಲ್ಲಿ, ವಿಶೇಷತಃ ಕ್ಯಾಮೆರಾದ ಪರಿಚಯವುಳ್ಳವರಲ್ಲಿ, ಒಂದು ನಂಬಿಕೆ ಬಲವಾಗಿ ಬೇರೂರಿರುವುದುಂಟು: ಪ್ರಾಂಪ್ಟೆಂಬ ಆ ಆಜ್ಞಾವಾಕ್ಯದಲ್ಲಿ ‘85 ಎಂ.ಎಂ., ಎಫ್ 1.4’ ಎಂದು ಬರೆದೊಡನೆ ಯಂತ್ರವು ತನ್ನೊಳಗೆ ಅಡಗಿರುವ ಯಾವುದೋ ಕ್ಯಾಮೆರಾಕ್ಕೆ ಅಂಥದೇ ಲೆನ್ಸನ್ನು ತೊಡಿಸಿ, ಬೆಳಕನ್ನು ಅಳೆದು ಚಿತ್ರ ತೆಗೆಯುತ್ತದೆಂದು. ವಸ್ತುತಃ ಅಲ್ಲಿ ಲೆನ್ಸೂ ಇಲ್ಲ, ಷಟರೂ ಇಲ್ಲ. ಕೋಟ್ಯಂತರ ಚಿತ್ರಗಳನ್ನೂ ಅವುಗಳ ಅಡಿಬರಹಗಳನ್ನೂ ಒಟ್ಟಿಗೆ ಅಭ್ಯಸಿಸಿ, ಯಾವ ಮಾತಿನ ಬೆನ್ನಿಗೆ ಯಾವ ನೋಟ ಬರುವುದೆಂಬ ಸಾಹಚರ್ಯವನ್ನು ಮಾತ್ರ ಅದು ಕಲಿತಿದೆ. 85 ಎಂ.ಎಂ. ಎಂದೊಡನೆ ಅದಕ್ಕೆ ಮುಖಚಿತ್ರಗಳ ಸ್ಮರಣೆಯಾಗುತ್ತದೆ; ಅಂಕಿಯ ಗಣಿತ ಅದಕ್ಕೆ ತಿಳಿಯದು. ಆದುದರಿಂದ ‘ಕಲ್ಲು ಸೀಳುವವನ ಮುಖ ಸ್ಪಷ್ಟ, ಹಿಂದಿನ ಖಣಿ ಮಸುಕು’ ಎಂದು ಬಾಯಿಬಿಟ್ಟು ಹೇಳುವುದೇ ಹೆಚ್ಚು ನಂಬಿಕೆಗೆ ಯೋಗ್ಯವಾದ ಮಾರ್ಗ.

ಚಿತ್ರದ ಸೂಕ್ಷ್ಮತೆ ಹೆಚ್ಚಲೆಂದು ಸೇರಿಸುವ ‘8ಕೆ’ ಎಂಬ ಮಂತ್ರದ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. 2022ರಲ್ಲಿ ಸಾರ್ವಜನಿಕರ ಕೈಸೇರಿದ ಸ್ಟೇಬಲ್ ಡಿಫ್ಯೂಷನ್ ಎಂಬ ಚಿತ್ರಯಂತ್ರದ ಮೊದಲ ಆವೃತ್ತಿಗಳು 512 ಪಿಕ್ಸೆಲ್ ಚೌಕದ ಚಿತ್ರಕ್ಕೆ ಪಳಗಿದ್ದವು. ಆ ಮಂತ್ರವನ್ನು ಹತ್ತು ಸಲ ಜಪಿಸಿದರೂ ಚೌಕ ಹಿಗ್ಗುತ್ತಿರಲಿಲ್ಲ.

ಹಾಗಾದರೆ ಛಾಯಾಗ್ರಹಣದ ಪರಿಭಾಷೆಯೇ ನಿರರ್ಥಕವೆಂದು ತಿಳಿಯುವುದು ಇನ್ನೊಂದು ತಪ್ಪು. ಎಲ್ಲಿ ನಿಲ್ಲಬೇಕು, ಬೆಳಕು ಯಾವ ಕಡೆಯಿಂದ ಬೀಳಬೇಕು, ಯಾವುದು ಉಳಿದು ಯಾವುದು ಕರಗಬೇಕು ಎಂಬ ವಿವೇಕವು ಆ ಪರಿಭಾಷೆಯಲ್ಲಿ ಸಂಚಿತವಾಗಿದೆ. ಶಿಲಾಶಾಸನದ ಚಿತ್ರ ತೆಗೆಯುವವರು ಬೆಳಕನ್ನು ಪಕ್ಕದಿಂದ ಓರೆಯಾಗಿ ಹಾಯಿಸುವುದು, ಪ್ರತಿಯೊಂದು ಗೀರಿನೊಳಗೂ ನೆರಳು ನಿಂತು ಅಕ್ಷರವು ಎದ್ದು ಕಾಣಲೆಂದೇ. ಅದೇ ಮಾತನ್ನು ಪ್ರಾಂಪ್ಟಿನಲ್ಲಿ ಬರೆದರೆ ಸಪಾಟಾದ ಕಲ್ಲಿಗೂ ಉಬ್ಬುತಗ್ಗು ಬರುತ್ತದೆ. ಆದರೆ ‘ಗೋಲ್ಡನ್ ಅವರ್’ ಎಂಬ ಸಂಜೆಮುಂಜಾವಿನ ಹೊಂಬೆಳಕನ್ನು ಒಗ್ಗರಣೆಯಂತೆ ಎಲ್ಲಕ್ಕೂ ಹಾಕುವ ಚಾಳಿ ನನಗೆ ಸಮ್ಮತವಲ್ಲ. ಶಹಾಬಾದ್ ಕಲ್ಲಿನ ಸೀಮೆಯ ಊರಾದ ವಾಡಿಯ ಏಪ್ರಿಲ್ ಮಧ್ಯಾಹ್ನವೆಂದರೆ ನೆತ್ತಿಯ ಮೇಲಿನ ಕಠೋರ ಬಿಸಿಲು, ಕಾಲಡಿಗೆ ಮುದುಡಿದ ಕಪ್ಪು ನೆರಳು, ಬಿಳಿಚಿಕೊಂಡ ಆಕಾಶ. ಅದಕ್ಕೆ ಹೊನ್ನಿನ ಲೇಪ ಬಳಿದರೆ ಚಿತ್ರ ಚೆಲುವಾದೀತು, ವಾಡಿಯಾಗದು.

ಎಲ್ಲಕ್ಕಿಂತ ಮೋಹಕವಾದ ಭ್ರಮೆಯೆಂದರೆ, ಊರಿನ ಹೆಸರು ಹೇಳಿದರೆ ಸಾಕು, ಯಂತ್ರವು ಊರನ್ನು ಬಲ್ಲುದೆಂಬುದು. ಸೇಡಂ ತಾಲ್ಲೂಕಿನ ಮಳಖೇಡವು ರಾಷ್ಟ್ರಕೂಟರ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ಕವಿರಾಜಮಾರ್ಗವು ಹುಟ್ಟಿದುದು ಅಲ್ಲಿಯ ನೃಪತುಂಗನ ಆಸ್ಥಾನದಲ್ಲಿ. ಈ ಕೀರ್ತಿ ನಮಗೆ ದೊಡ್ಡದು. ಯಂತ್ರಕ್ಕಾದರೋ ತಾನು ಅಭ್ಯಸಿಸಿದ ಚಿತ್ರಗಳ ಸಂಖ್ಯೆಯೇ ಕೀರ್ತಿ. ಹೆಚ್ಚು ಕಾಣದ ಊರಿನ ಹೆಸರು ಕೇಳಿದಾಗ ಅದು ಹೆಚ್ಚು ಕಂಡ ಊರನ್ನು ತಂದು ಕೂರಿಸುವುದರಿಂದ, ಮಳಖೇಡದ ಕಾಗಿಣಾ ನದಿಯ ದಂಡೆಯಲ್ಲಿ ರಾಜಸ್ಥಾನದ ಕೆಂಪುಕಲ್ಲಿನ ಕೋಟೆ ಎದ್ದರೂ ಆಶ್ಚರ್ಯವಿಲ್ಲ. ತತ್ಕಾರಣ ಮಳಖೇಡ, ಶಹಾಬಾದ್ ಕಲ್ಲು ಎಂಬ ಹೆಸರಿನ ಬದಲು ಕಂಡುದನ್ನೇ ಬರೆಯಬೇಕು: ಪದರಪದರವಾಗಿ ಏಳುವ ನೀಲಿಬೂದು ಸುಣ್ಣಕಲ್ಲು, ನುಣುಪಿಲ್ಲದ ಅಂಚು, ಮೆಟ್ಟಿಲುಮೆಟ್ಟಿಲಾಗಿ ತಗ್ಗಿದ ಖಣಿ, ಆಚೆಗೆ ಕರಿಮಣ್ಣಿನಲ್ಲಿ ಹೂಬಿಟ್ಟ ತೊಗರಿ, ದೂರದಲ್ಲಿ ಸಿಮೆಂಟ್ ಕಾರ್ಖಾನೆಯ ಚಿಮಣಿ. ‘ಜನ ಬೇಡ’ ಎಂದು ನಿಷೇಧಿಸುವುದಕ್ಕಿಂತ ‘ಬರಿದಾದ ಖಣಿ’ ಎನ್ನುವುದು ಲೇಸು. ಬೇಡವೆಂದು ಹೆಸರಿಸಿದುದೇ ಎಷ್ಟೋ ಸಲ ಚಿತ್ರದಲ್ಲಿ ಬಂದು ನಿಲ್ಲುತ್ತದೆ.

ಇಷ್ಟಾದರೂ ಬಂದ ಚಿತ್ರವು ಕಲ್ಪನೆಯೇ ಹೊರತು ಪ್ರಮಾಣವಲ್ಲ. ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಸಮೀಪದ ಕನಗನಹಳ್ಳಿಯ ಸ್ತೂಪದಲ್ಲಿ, ರಾಣಿಯೊಡನೆ ನಿಂತ ರಾಜನ ಉಬ್ಬುಚಿತ್ರದ ಬಳಿ, ಬ್ರಾಹ್ಮೀ ಲಿಪಿಯಲ್ಲಿ ‘ರಾಯೋ ಅಸೋಕೋ’ ಎಂದು ಕೆತ್ತಿದೆ. ಓರೆ ಬೆಳಕನ್ನು ಎಷ್ಟೇ ಚೆನ್ನಾಗಿ ಬಣ್ಣಿಸಿ ಕೇಳಿದರೂ ಯಂತ್ರವು ಕೊಡುವುದು ಅಕ್ಷರದಂತೆ ತೋರುವ ಗೀರುಗಳನ್ನು; ಆ ಅಕ್ಷರಗಳೇ ಬೇಕಾದವರು ವಾಡಿಯಿಂದ ನಾಲವಾರದ ಹಾದಿ ಹಿಡಿದು ಸನ್ನತಿಗೇ ಹೋಗಿ ನೋಡಿ ಬರಬೇಕು.